ಲೈನ್‌ಪಾಳ್ಯದ ಹಾಡಿನ ಭಾನುವಾರ

ಮೈಸೂರಿನಿಂದ ಅರಸೀಕೆರೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಎಲ್ಲರೂ ಕಿಟಕಿ ತೆಗೆಯುವುದಕ್ಕೆ ಜಗಳವಾಡುತ್ತಾರೆ. ನಾನು ಮುಚ್ಚುವುದಕ್ಕೆ ಜಗಳವಾಡಿದೆ. ಎದುರಿಗೆ ಕುಳಿತಿದ್ದ ಮೀಸೆಯವರು, "ಏನ್ರೀ ನೀವು, ಬೆಳಬೆಳಗ್ಗೆ ಗಾಳಿ ಬೇಡ ಅಂತೀರಲ್ಲ" ಎಂದು ರೇಗಿದರು. ನಾನು ಪಕ್ಕದಲ್ಲಿದ್ದ ಜಯಶೀಲನ ಕುತ್ತಿಗೆಯ ಕಡೆ ತೋರಿಸಿದೆ. ಅಲ್ಲಿ ಬಿಳಿ ಹತ್ತಿಬಟ್ಟೆಯ ಒಂದು ಸಣ್ಣ ಪರದೆ, ಅದರ ಹಿಂದೆ ಅವನು ಉಸಿರಾಡುವ ತೂತು. ಧೂಳು ಹೋದರೆ ಕೆಮ್ಮು ಹಿಡಿದುಕೊಂಡು ಬಿಡುವುದಿಲ್ಲ. ಮೀಸೆಯವರು ತಾವೇ ಎದ್ದು ಷಟರ್ ಇಳಿಸಿದರು.

ಜಯಶೀಲ ಮತ್ತು ನಾನು ಮೈಸೂರಿನ ಒಂದೇ ಹೈಸ್ಕೂಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಗಣಿತದ ಮೇಷ್ಟ್ರು, ಅವನು ಡ್ರಿಲ್ ಮೇಷ್ಟ್ರು. ಅವನಿದ್ದಷ್ಟು ಕಾಲ ನಮ್ಮ ಶಾಲೆಗೆ ಮೈಕು ಬೇಕಾಗಿರಲಿಲ್ಲ. ಮೈದಾನದ ಆ ತುದಿಯಲ್ಲಿ ನಿಂತು 'ಸಾವಧಾನ್' ಎಂದರೆ ಈ ತುದಿಯ ಸ್ಟಾಫ್ ರೂಮಿನಲ್ಲಿ ತೂಕಡಿಸುತ್ತಿದ್ದ ನಾವೂ ನೆಟ್ಟಗಾಗುತ್ತಿದ್ದೆವು. ಹೋದ ಮಳೆಗಾಲದಲ್ಲಿ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಪ್ರಾಣ ಉಳಿಯಿತು. ಈಗ ಅವನ ಮಾತೆಲ್ಲ ಮಕ್ಕಳು ಗೀಚುವ ಪ್ಲಾಸ್ಟಿಕ್ ಸ್ಲೇಟಿನ ಮೇಲೆ. ಬರೆದು ತೋರಿಸಿ ಕೆಳಗಿನ ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮನೆಗೆ ಬಂದು ಆ ಸ್ಲೇಟಿನ ಮೇಲೆ, "ಊರಿಗೆ ಹೋಗಬೇಕು. ಮೂರು ದಿನ ನನ್ನ ಬಾಯಿ ಆಗ್ತೀಯಾ?" ಎಂದು ಬರೆದ. ನಾನು ಉತ್ತರ ಕೊಡುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ, "ಅದೊಂದಕ್ಕೆ ಇವರು ಹೇಳಿಮಾಡಿಸಿದ ಹಾಗಿದ್ದಾರೆ, ಕರ್ಕೊಂಡು ಹೋಗಿ" ಎಂದಳು.

ಅವನ ಊರು ಹಳೇಬೀಡಿನಿಂದ ಹಗರೆಗೆ ಹೋಗುವ ರಸ್ತೆಯಲ್ಲಿರುವ ಲೈನ್‌ಪಾಳ್ಯ. ಮೂವತ್ತು ಮನೆ ಇರಬಹುದು, ಒಂದು ಹಂಚಿನ ಚರ್ಚು. ಆ ಚರ್ಚಿನಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಬೋಧನೆ ಇರುವುದಿಲ್ಲ, ಬೆಳಗಿನಿಂದ ಮಧ್ಯಾಹ್ನದ ತನಕ ಬರೀ ಹಾಡು. ಆ ದಿನಕ್ಕೆ ಹಾಡಿನ ಭಾನುವಾರ ಎಂದೇ ಹೆಸರು. ಹಾಡಿನ ಮಾತು ಕನ್ನಡದ್ದು, ರಾಗ ಮಾತ್ರ ವೇಲ್ಸ್ ಎಂಬ ಸೀಮೆಯದು. ವೇಲ್ಸ್ ಅಂದರೆ ಬ್ರಿಟನ್ನಿನ ಪಡುವಣ ಮಗ್ಗುಲಲ್ಲಿರುವ ಒಂದು ಗುಡ್ಡಗಾಡು ನಾಡು. ಕಲ್ಲಿದ್ದಲು ಅಗೆಯುವವರೂ ಕುರಿ ಕಾಯುವವರೂ ಹಳ್ಳಿಯ ಚರ್ಚುಗಳಲ್ಲಿ ಕೂತು ಒಂದೇ ಹಾಡನ್ನು ಒಟ್ಟಿಗೆ, ಆದರೆ ಒಂದೊಂದು ಗುಂಪು ಒಂದೊಂದು ಸ್ವರದ ದಾರಿ ಹಿಡಿದು, ನಾಲ್ಕು ದನಿಯಲ್ಲಿ ಹಾಡುತ್ತಾರಂತೆ. ಆ ಪದ್ಧತಿ ನಮ್ಮ ಈ ಸೀಮೆಗೆ ಹೇಗೆ ಬಂತು ಎಂದು ಕೇಳಿದ್ದಕ್ಕೆ ಜಯಶೀಲ, "ರೈಲಲ್ಲಿ" ಎಂದು ಬರೆದ.

ನಿಜವಾಗಿಯೂ ರೈಲಿನಲ್ಲೇ ಬಂದಿತ್ತು. ಬ್ರಿಟಿಷರ ಕಾಲದಲ್ಲಿ ಹಳಿ ಹಾಕುವ ಕೆಲಸಕ್ಕೆ ತಮಿಳು ಸೀಮೆಯಿಂದ ಬಂದ ಕುಟುಂಬಗಳು ಅರಸೀಕೆರೆಯ ರೈಲ್ವೆ ಲೈನುಮನೆಗಳಲ್ಲಿ ಇದ್ದವು. ಅಲ್ಲೇ ವೇಲ್ಸಿನ ಒಬ್ಬ ಎಂಜಿನ್ ಡ್ರೈವರನೂ ಅವನ ಹೆಂಡತಿಯೂ ಇದ್ದರು. ಆ ಹೆಂಗಸಿಗೆ ತನ್ನ ಊರಿನ ಹಾಡಿಲ್ಲದೆ ಹೊತ್ತು ಹೋಗದು. ಹಗಲು ರಾತ್ರಿ ಪಾಳಿಯಲ್ಲಿ ದುಡಿಯುವ ಜನಕ್ಕೆ ನಾಲ್ಕೂ ದನಿ ಕಲಿಯುವ ಪುರುಸೊತ್ತಿಲ್ಲ. ಅದಕ್ಕೆ ಆಕೆ ಒಂದೊಂದು ಸಂಸಾರಕ್ಕೆ ಒಂದೊಂದೇ ದನಿ ಕಲಿಸಿದಳು. ಅವಳ ಹೆಸರು ಯಾರಿಗೂ ನೆನಪಿಲ್ಲ, ವೇಲ್ಸಮ್ಮ ಎಂದರೆ ಎಲ್ಲರಿಗೂ ಗೊತ್ತು. ಮುಂದೆ ಆ ಕುಟುಂಬಗಳು ಹಳೇಬೀಡಿನ ಕಡೆ ಹೊಲ ಕೊಂಡು ಲೈನ್‌ಪಾಳ್ಯ ಕಟ್ಟಿದವು, ತಮಿಳು ಮರೆತವು, ವೇಲ್ಸಮ್ಮ ಹಂಚಿಕೊಟ್ಟದ್ದನ್ನು ಮಾತ್ರ ಬಿಡಲಿಲ್ಲ.

ರಾಗವನ್ನು ಹಾಡುವವರು ಮೇಲ್ಮನೆ ಎಂಬ ಮನೆತನದವರು. ಪಾಳ್ಯದ ಮುಕ್ಕಾಲು ಪಾಲು ಜನ ಇವರೇ. ಅದರ ಕೆಳಗಿನ ಹೆಣ್ಣುದನಿ ಒಳಮನೆಯದು, ಅದಕ್ಕೂ ಕೆಳಗಿನ ಗಂಡುದನಿ ಹೊರಮನೆಯದು. ಎಲ್ಲದರ ತಳದಲ್ಲಿರುವ ದಪ್ಪ ದನಿ ಕೆಳಮನೆಯದು, ಅಂದರೆ ಜಯಶೀಲನ ಮನೆಯದು. ಗಂಡಸರೂ ಹೆಂಗಸರೂ ತಂತಮ್ಮ ಮಟ್ಟದಲ್ಲಿ ತಮ್ಮ ಮನೆಯದನ್ನೇ ಹಾಡುತ್ತಾರೆ. ಒಂದು ಮನೆಯ ದನಿಯನ್ನು ಇನ್ನೊಂದು ಮನೆ ಹಾಡುವಂತಿಲ್ಲ, ಅದರ ತಪ್ಪು ಒಪ್ಪು ಹೇಳುವಂತೆಯೂ ಇಲ್ಲ. ಹೆಣ್ಣುಮಕ್ಕಳು ಮದುವೆಯಾಗುವ ತನಕ ತವರಿನ ದನಿ ಹಾಡಬೇಕು, ತಾಳಿ ಬಿದ್ದ ಮೇಲೆ ಗಂಡನ ಮನೆಯದು. ಚರ್ಚಿನಲ್ಲಿ ಒಂದೊಂದು ಮನೆಗೆ ಒಂದೊಂದು ಬೆಂಚಿನ ಸಾಲು. ವರ್ಷಕ್ಕೊಮ್ಮೆ, ಹಾಡಿನ ಭಾನುವಾರ, ಪಾಳ್ಯದ ಹಿರಿಯರು ಪ್ರತಿ ಮನೆಯನ್ನೂ ಹಾಡುವವರು ಇದ್ದಾರಾ ಎಂದು ಕೇಳುತ್ತಾರೆ. ಇಲ್ಲ ಎಂದು ಆ ಮನೆಯವರು ಹೇಳಿದರೆ ಅವರ ಬೆಂಚನ್ನು ಜಗಲಿಗೆ ಹಾಕುತ್ತಾರೆ. ಹೊರಮನೆಯ ಬೆಂಚು ಜಗಲಿ ಸೇರಿ ಬಹಳ ವರ್ಷವಾಗಿತ್ತು.

ಕೆಳಮನೆಯಲ್ಲಿ ಉಳಿದಿದ್ದವನು ಜಯಶೀಲ ಒಬ್ಬನೇ. ಮದುವೆ ಮಾಡಿಕೊಂಡಿರಲಿಲ್ಲ. ಆದರೆ ಅವನಿಗೊಬ್ಬ ಅಕ್ಕ, ಕರುಣಮ್ಮ, ಹಳೇಬೀಡಿನಲ್ಲಿದ್ದರು. ಹುಟ್ಟಿದ್ದು ಕೆಳಮನೆಯಲ್ಲಿ, ಸೇರಿದ್ದು ಒಳಮನೆಗೆ. ಹುಡುಗಿಯಾಗಿದ್ದಾಗ ಹಾಡಿದ ಕೆಳಮನೆಯ ದನಿ ಅವರಿಗಿನ್ನೂ ನೆನಪಿರಬೇಕು. ಗಂಡ ತೀರಿಕೊಂಡ ಹೆಣ್ಣು ತವರಿನ ಬೆಂಚಿಗೆ ಮರಳಬಹುದು, ಅವರು ವಾಪಸು ಬಂದು ತಮ್ಮನ ಬೆಂಚಿನಲ್ಲಿ ಕೂತರೆ ಕೆಳಮನೆ ಉಳಿಯುತ್ತದೆ. ಅದನ್ನು ಕೇಳುವುದಕ್ಕೆ ಅವನು ಹೊರಟಿದ್ದ, ಕೇಳುವ ಬಾಯಿ ನಾನಾಗಿದ್ದೆ.

"ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿಲ್ವೇನೋ?" ಎಂದೆ.

"ಇದೆ. ಮೊಬೈಲು ಬೆಂಚಿನ ಮೇಲೆ ಕೂರಲ್ಲ" ಎಂದು ಬರೆದ.

ಹಾಸನ ದಾಟಿದ ಮೇಲೆ ಹೊರಗೆ ತೆಂಗು ಹೆಚ್ಚಾಯಿತು. ಅರಸೀಕೆರೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಕಾಫಿ ಬಂದಾಗ ಜಯಶೀಲ ಲೋಟ ಎತ್ತಿ ತುಟಿಗೆ ತಂದು ಹಾಗೇ ಇಳಿಸಿದ. ಅವನ ಉಸಿರು ಈಗ ಬಾಯಿಯಿಂದ ಬರುವುದಿಲ್ಲ, ಬಿಸಿ ಕಾಫಿಯನ್ನು ಊದಿ ಆರಿಸಲೂ ಆಗದು. ನಾನು ಲೋಟಕ್ಕೂ ಬಟ್ಟಲಿಗೂ ನಾಲ್ಕು ಸಲ ಸುರಿದು ಕೊಟ್ಟೆ. ಮಾಣಿ, "ಇವ್ರು ನಿಮ್ಮ ಅಣ್ಣೋರಾ?" ಎಂದು ಕೇಳಿದ. ನಾನು ಹೌದು ಎಂದು ಹೇಳಿ, ಅಣ್ಣ ಎಂಥ ಡ್ರಿಲ್ ಮೇಷ್ಟ್ರಾಗಿದ್ದ ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ವಿವರಿಸಿದೆ. ಜಯಶೀಲ ಸ್ಲೇಟು ತಿರುಗಿಸಿ ತೋರಿಸಿದ: "ನಾನು ಇಷ್ಟು ಮಾತಾಡ್ತಿರಲಿಲ್ಲ."

ಸಂಜೆ ಹಳೆಯ ಲೈನುಮನೆಗಳನ್ನು ನೋಡಲು ಹೋದೆವು, ಹಾಸನದಲ್ಲಿ ಇಳಿಯದೆ ಅರಸೀಕೆರೆಗೆ ಬಂದದ್ದೇ ಅದಕ್ಕೆ. ಅರ್ಧ ಕೆಡವಿದ್ದರು, ಉಳಿದವಕ್ಕೆ ಬಾಗಿಲಿರಲಿಲ್ಲ. ಗೋಡೆಗೆ ಲಂಟಾನ ಹಬ್ಬಿತ್ತು. ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು, "ಅಲ್ಲೆಲ್ಲ ಹಾವು ಅವೆ, ಹೋಗ್ಬ್ಯಾಡಿ" ಎಂದು ದೂರದಿಂದ ಕೂಗಿದಳು. ಜಯಶೀಲ ಒಂದು ಮನೆಯ ಮುಂದೆ ನಿಂತು ಸುಮ್ಮನೆ ನೋಡಿದ. ಅವನ ತಾತ ಇದ್ದ ಮನೆಯಂತೆ. ಒಳಗೆ ಎರಡು ಮಂಚ ಹಿಡಿಸುವಷ್ಟು ಜಾಗವೂ ಇರಲಿಲ್ಲ. ಇಷ್ಟು ಸಣ್ಣ ಗೂಡಿನಲ್ಲಿ ಅಷ್ಟು ದಪ್ಪ ದನಿ ಹೇಗೆ ಹಿಡಿಸಿತೋ ಎಂದೆ. ಅವನು ನಕ್ಕ. ಅವನ ನಗುವಿಗೂ ಈಗ ಸದ್ದಿಲ್ಲ, ಹೆಗಲು ಅಲುಗುವುದನ್ನು ನೋಡಿ ತಿಳಿಯಬೇಕು. ಆ ರಾತ್ರಿ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಸೊಳ್ಳೆಗಳ ಜೊತೆ ಮಲಗಿದೆವು.

ಶನಿವಾರ ಬೆಳಗ್ಗೆ ಬೇಲೂರು ಬೋರ್ಡಿನ ಬಸ್ಸು ಹಿಡಿದೆವು. ಜಾವಗಲ್ ಮೇಲೆ ಹಾದು ಹಳೇಬೀಡಿಗೆ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಸ್ಸಿನ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಪುಕ್ಕಟೆ ಟಿಕೆಟ್ಟಿಗೆ ಆಧಾರ್ ಕಾರ್ಡು. ದುಡ್ಡು ಕೊಟ್ಟ ನಾವಿಬ್ಬರು ಜಾವಗಲ್ ತನಕ ನಿಂತೇ ಹೋದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ, ಹೊಲಗಳಲ್ಲಿ ರಾಗಿ ಮೆದೆಗಳು ಒದ್ದೆಯಾಗಿ ಕೂತಿದ್ದವು. ಜಾವಗಲ್ಲಿನಲ್ಲಿ ತೆಂಗಿನಕಾಯಿ ಚೀಲಗಳು ಇಳಿದವು, ನಮಗೆ ಸೀಟು ಸಿಕ್ಕಿತು. ಕೂತ ಕೂಡಲೇ ಜಯಶೀಲ ಸ್ಲೇಟಿನ ಮೇಲೆ ಅಕ್ಕನಿಗೆ ಹೇಳಬೇಕಾದ ಮಾತನ್ನು ಬರೆಯತೊಡಗಿದ. ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ನನ್ನ ಕಡೆ ತಿರುಗಿ, "ನೀನೇ ಚೆನ್ನಾಗಿ ಹೇಳು" ಎಂದಷ್ಟೇ ಬರೆದು ಕಣ್ಣು ಮುಚ್ಚಿಕೊಂಡ.

ಕರುಣಮ್ಮನವರು ಹಳೇಬೀಡಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನರ್ಸಮ್ಮನ ಮನೆ ಎಂದರೆ ಸಾಕು, ಹಣ್ಣಿನ ಅಂಗಡಿಯವನು ಬಾಗಿಲ ತನಕ ಕರೆದುಕೊಂಡು ಹೋದ. ಎತ್ತರದ ಆಳು, ತಮ್ಮನಷ್ಟೇ ಅಗಲ ಭುಜ. ವಯಸ್ಸು ಎಪ್ಪತ್ತು ದಾಟಿತ್ತು. ಆಪರೇಷನ್ ಆದಾಗ ಮೈಸೂರಿಗೆ ಬಂದು ತಿಂಗಳುಗಟ್ಟಲೆ ಇದ್ದು ನೋಡಿಕೊಂಡವರು ಅವರೇ. ತಮ್ಮನನ್ನು ನೋಡಿದ ಕೂಡಲೇ ಮಾತಾಡಿಸದೆ ಕುತ್ತಿಗೆಯ ಬಟ್ಟೆ ಎತ್ತಿ ತೂತು ನೋಡಿದರು. "ಶುದ್ಧವಾಗಿ ಐತೆ. ಪರವಾಗಿಲ್ಲ ಕಣೋ ನೀನು" ಎಂದರು. ಅಡುಗೆಮನೆಯಿಂದ ಅವರೆಕಾಳು ಸಾರಿನ ಘಮ ಬೀದಿಗೇ ಬರುತ್ತಿತ್ತು. ಉಸಿರು ಮೂಗಿನಲ್ಲಿ ಹೋಗದ್ದರಿಂದ ಜಯಶೀಲನಿಗೆ ಅದೂ ಈಗ ತಿಳಿಯುವುದಿಲ್ಲ.

ಮುದ್ದೆ ಊಟವಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ವೇಲ್ಸಮ್ಮನಿಂದ ಹಿಡಿದು ಅವರ ತಂದೆಯ ತನಕ ಬಂದೆ. ಮನೆತನ, ತಲೆಮಾರು, ಒಡಹುಟ್ಟು ಎಂದು ಮದುವೆ ಮಾತಾಡಲು ಬಂದ ಹಿರಿಯನ ಹಾಗೆ ಹೇಳುತ್ತ ಹೋದೆ. ಕರುಣಮ್ಮ ಕೈ ಎತ್ತಿದರು.

"ನೀವು ಸುಮ್ಕಿರಿ ಮೇಷ್ಟ್ರೇ. ಅವನ ಮಖ ನೋಡಿದ್ರೇ ಗೊತ್ತಾಯ್ತದೆ. ನಾನು ಕೆಳಮನೆ ಬೆಂಚಿಗೆ ಬರಬೇಕು, ಅಷ್ಟೇ ತಾನೆ?"

ಜಯಶೀಲ ತಲೆಯಾಡಿಸಿದ.

"ಮದುವೆ ಆದ ವರ್ಷ ನಮ್ಮತ್ತೆ ನನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಒಳಮನೆದು ಕಲಿಸಿದ್ರು. ಬಾಯಿ ತಪ್ಪಿ ಕೆಳಮನೆದು ಬಂದ್ರೆ ಸೌಟಲ್ಲಿ ಒಂದು ಕೊಡೋರು. ಕೆಟ್ಟೋರಲ್ಲ, ಹಂಗೇ ಕಲಿಸ್ಬೇಕು. ಈಗ ಅತ್ತೆ ಇಲ್ಲ, ನಿಮ್ಮ ಭಾವ ಇಲ್ಲ. ಮಗಳು ಶಿವಮೊಗ್ಗದಲ್ಲಿ, ಅವಳ ಗಂಡನ ಚರ್ಚಲ್ಲಿ ಡ್ರಮ್ಮು ಬಾರಿಸ್ತಾರೆ. ಒಳಮನೇಲಿ ನಾನೊಬ್ಳೇ ಕಣೋ. ನಾನು ಎದ್ದು ನಿನ್ನ ಪಕ್ಕ ಬಂದ್ರೆ ಅತ್ತೆ ಬೆಂಚು ಜಗಲಿಗೆ ಹೋಯ್ತದೆ. ಯಾವುದು ಹೋಗ್ಲಿ, ನೀನೇ ಹೇಳು."

ನನಗೆ ಕೋಪ ಬಂತು. ಲೆಕ್ಕದ ಮೇಷ್ಟ್ರ ಬುದ್ಧಿ, ಇದಕ್ಕೇನೋ ದಾರಿ ಇರಲೇಬೇಕು ಅನ್ನಿಸಿತು. "ಒಂದು ಹಾಡು ಇಲ್ಲಿ ಹಾಡಿ, ಒಂದು ಹಾಡು ಅಲ್ಲಿ ಹಾಡಿ. ಎರಡೂ ಉಳಿಯುತ್ತಲ್ಲ" ಎಂದೆ.

"ಎರಡೂ ಒಟ್ಟಿಗೆ ಬಂದ್ರೇನೇ ಮೇಷ್ಟ್ರೇ ಅದು ಹಾಡು. ಇದೊಂದು ಅದೊಂದು ಹಾಡಿದ್ರೆ ಎರಡು ಕಡೇನೂ ಅರ್ಧ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ತವರು ಅಂದ್ರೆ ನನಗೆ ಆಸೆ ಇಲ್ಲ ಅಂತ ತಿಳ್ಕೋಬೇಡ" ಎಂದು ತಟ್ಟೆಗಳನ್ನೆತ್ತಿಕೊಂಡು ಹಿತ್ತಲಿಗೆ ಹೋದರು. ಬಹಳ ಹೊತ್ತು ತಟ್ಟೆ ಉಜ್ಜುವ ಸದ್ದು ಬರುತ್ತಿತ್ತು.

ಇಳಿಹೊತ್ತಿನಲ್ಲಿ ನಾವಿಬ್ಬರೂ ಕೆರೆಯ ಕಡೆ ನಡೆದೆವು. ದೇವಸ್ಥಾನದ ಮುಂದೆ ಶಾಲಾ ಮಕ್ಕಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಗೈಡೊಬ್ಬ ಶಿಖರ ಯಾಕಿಲ್ಲ ಎಂಬುದಕ್ಕೆ ತನ್ನದೇ ಒಂದು ಕಥೆ ಹೇಳುತ್ತಿದ್ದ. ಅಲ್ಲಿಂದ ಬಸದಿಗೆ ಹೋದೆವು. ಜನ ಇರಲಿಲ್ಲ. ಒಳಗೆ ಕನ್ನಡಿಯ ಹಾಗೆ ನಯ ಮಾಡಿದ ಕರಿಕಲ್ಲಿನ ಕಂಬಗಳು, ತಣ್ಣಗೆ. ಜಯಶೀಲ ಒಂದು ಕಂಬದ ಮೇಲೆ ಅಂಗೈ ಇಟ್ಟು ನಿಂತ. ಆಮೇಲೆ ಬಾಯಿ ತೆರೆದ. ಎದೆ ಉಬ್ಬಿತು, ಕುತ್ತಿಗೆಯ ಬಟ್ಟೆ ಪಟಪಟ ಎಂದಿತು, ಬೇರೆ ಏನೂ ಬರಲಿಲ್ಲ. ನನಗೆ ತಡೆಯಲಾಗದೆ ಅಳು ಬಂತು. ಅವನೇ ನನ್ನ ಬೆನ್ನು ತಟ್ಟಿ ಹೊರಗೆ ಕರೆದುಕೊಂಡು ಬಂದ. ಹೊರಗೆ ಕೂತು, "ನಾಳೆ ಕೇಳ್ತಾರೆ. ಉತ್ತರ ನೀನು ಹೇಳಬೇಕು" ಎಂದು ಬರೆದ.

ಭಾನುವಾರ ಬೆಳಗ್ಗೆ ಮೂವರೂ ಹಗರೆ ಬಸ್ಸು ಹತ್ತಿ ಲೈನ್‌ಪಾಳ್ಯದಲ್ಲಿ ಇಳಿದೆವು. ಕರುಣಮ್ಮ ಬಿಳಿ ಸೀರೆ ಉಟ್ಟಿದ್ದರು. ಚರ್ಚು ರಸ್ತೆಯಿಂದ ಒಂದು ಹೊಲದಷ್ಟು ಒಳಗಿತ್ತು. ಸುಣ್ಣ ಬಳಿದ ಮಣ್ಣಿನ ಗೋಡೆ, ಮೇಲೆ ನಾಡಹಂಚು, ಗಂಟೆಯ ಬದಲಿಗೆ ನೇತುಹಾಕಿದ ಒಂದು ತುಂಡು ರೈಲುಕಂಬಿ. ಜಗಲಿಯ ಮೇಲೆ ಹೊರಮನೆಯ ಬೆಂಚು ಇತ್ತು, ಅದರ ಮೇಲೆ ಮಕ್ಕಳು ಚಪ್ಪಲಿ ಬಿಟ್ಟಿದ್ದರು. ಬೇಲೂರಿನಿಂದ ಸ್ಕೂಟರಿನಲ್ಲಿ ಬಂದ ಸಭಾಪಾಲಕರು, ಅಂದರೆ ಪಾದ್ರಿಗಳು, ಚಿಕ್ಕ ವಯಸ್ಸಿನವರು. "ಇವತ್ತು ನನಗೇನೂ ಕೆಲಸ ಇಲ್ಲ ಸರ್. ನಾನೂ ಮೇಲ್ಮನೆ ಹಿಂದೆ ಕೂತು ಕೇಳೋದೇ" ಎಂದು ನನ್ನ ಕೈ ಹಿಡಿದು ಕುಲುಕಿದರು.

ಒಳಗೆ ಮೇಲ್ಮನೆಯವರು ನಾಲ್ಕಾರು ಸಾಲು ತುಂಬಿದ್ದರು. ಎಡಕ್ಕೆ ಒಳಮನೆಯ ಬೆಂಚು, ಅದರಲ್ಲಿ ಕರುಣಮ್ಮ ಒಬ್ಬರೇ. ಅದರ ಪಕ್ಕದಲ್ಲೇ ಕೆಳಮನೆಯದು. ಅಲ್ಲಿ ಜಯಶೀಲ ಕೂತ. ನಾನು ಅವನ ಹಿಂದೆ ಗೋಡೆಗೆ ಒರಗಿ ನಿಂತೆ. ಪಾಳ್ಯದ ಹಿರಿಯರಾದ ಚಿನ್ನಪ್ಪ ಎದ್ದು ಕೋಲು ಊರಿಕೊಂಡು ಮುಂದೆ ಬಂದರು. ಪ್ರಾರ್ಥನೆ ಮಾಡಿದರು. ಆಮೇಲೆ, "ಮೇಲ್ಮನೆಯಲ್ಲಿ ಹಾಡುವವರು ಇದ್ದೀರಾ?" ಎಂದು ಕೇಳಿದರು. "ಇದ್ದೇವೆ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. "ಒಳಮನೆಯಲ್ಲಿ ಹಾಡುವವರು ಇದ್ದೀರಾ?" ಕರುಣಮ್ಮ ಎದ್ದು ನಿಂತರು. ಒಂದು ಗಳಿಗೆ ತಮ್ಮನ ಬೆಂಚಿನ ಕಡೆ ನೋಡಿದರು. "ಇದ್ದೀನಿ" ಎಂದರು.

"ಕೆಳಮನೆಯಲ್ಲಿ ಹಾಡುವವರು ಇದ್ದೀರಾ?"

ಜಯಶೀಲ ಎದ್ದು ಸ್ಲೇಟಿನ ಮೇಲೆ ಬರೆದು ನನ್ನ ಕಡೆ ತಿರುಗಿಸಿದ. ನಾನು ಮುಂದೆ ಹೋದೆ. ಚಿನ್ನಪ್ಪನವರಿಗೆ ವಿಷಯ ಗೊತ್ತಿತ್ತು, ಆದರೂ ಪದ್ಧತಿ ಪದ್ಧತಿಯೇ. "ಮನೆಯವರ ಬಾಯಿಂದ ಬರಬೇಕಲ್ಲಪ್ಪ, ಇವರು ಯಾರು?" ಎಂದರು. ಕರುಣಮ್ಮ ಕೂತಲ್ಲಿಂದಲೇ, "ಈಗ ಅವನ ಬಾಯಿ ಅವ್ರೇ. ಕೇಳಿ" ಎಂದರು. ಮೂರು ದಿನದಿಂದ ಅವನು ಬರೆದ ಒಂದು ಮಾತಿಗೆ ನಾನು ಹತ್ತು ಸೇರಿಸಿ ಹೇಳುತ್ತ ಬಂದಿದ್ದೆ. ಇದಕ್ಕೆ ಸೇರಿಸಲು ನನಗೆ ಏನೂ ಸಿಗಲಿಲ್ಲ. "ಇಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಚಿನ್ನಪ್ಪ ಕಿವಿಗೆ ಕೈ ಹಿಡಿದರು. ಇನ್ನೊಂದು ಸಲ ಜೋರಾಗಿ ಹೇಳಬೇಕಾಯಿತು.

ಮೇಲ್ಮನೆಯಿಂದ ಇಬ್ಬರು ಗಂಡಸರು ಎದ್ದು ಬಂದರು. ಹಳೆಯ ತೇಗದ ಬೆಂಚು, ಭಾರ. ಒಬ್ಬನಿಗೆ ಒಂದು ಕೊನೆ ಎತ್ತಲಾಗಲಿಲ್ಲ. ಜಯಶೀಲ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಹಿಡಿದ. ಬಾಗಿಲಲ್ಲಿ ಬೆಂಚು ಸಿಕ್ಕಿಹಾಕಿಕೊಂಡಿತು. ಓರೆ ಮಾಡಿ ಎಂದು ಅವನು ಕೈಯಲ್ಲಿ ತೋರಿಸಿದ, ಓರೆ ಮಾಡಿ ಹೊರಗೆ ತೆಗೆದರು. ನಾನು ಎಷ್ಟೋ ಸಾವಿನ ಮನೆಗಳಿಗೆ ಹೋಗಿದ್ದೇನೆ, ಮನೆಯ ಯಜಮಾನನೇ ಒಂದು ಕೊನೆಗೆ ಹೆಗಲು ಕೊಟ್ಟು ತನ್ನನ್ನು ಹೊರಗೆ ಒಯ್ಯುವುದನ್ನು ಅವತ್ತೇ ನೋಡಿದ್ದು. ಒಳಗೆ ಬಂದವನು ಖಾಲಿ ಜಾಗದಲ್ಲಿ ನಿಂತ. ಎಲ್ಲಿ ಕೂರಬೇಕೋ ತಿಳಿಯಲಿಲ್ಲ. ಕರುಣಮ್ಮ ತಮ್ಮ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಕೈಯಿಂದ ಜಾಗ ತಟ್ಟಿದರು. ಅಕ್ಕನ ಮನೆಗೆ ಬಂದ ನೆಂಟನ ಹಾಗೆ ಅವನು ಅಂಚಿನಲ್ಲಿ ಕೂತ.

ಹಾಡು ಶುರುವಾಯಿತು. ನನಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಆ ರಾಗಗಳು ನಿಧಾನವಾಗಿ ಗುಡ್ಡ ಹತ್ತಿದ ಹಾಗೆ ಏರಿ ಒಮ್ಮೆಲೇ ಇಳಿಯುವುದು ನನಗೂ ತಿಳಿಯಿತು. ಮೇಲ್ಮನೆ ಎಷ್ಟೋ ಜನ, ಅದರ ಅಡಿಯಲ್ಲಿ ಕರುಣಮ್ಮನದೊಂದೇ ದನಿ, ಗಟ್ಟಿಯಾಗಿ, ಬೇರೆ ದಾರಿಯಲ್ಲಿ. ಕೆಲವು ಕಡೆ ಮೇಲ್ಮನೆಯವರು ಸ್ವರ ಎಳೆದು ನಿಲ್ಲುತ್ತಿದ್ದರು. ಅಲ್ಲಿ ಹಾಡು ಮುಂದೆ ಹೋಗದೆ ಸುಮ್ಮನಾಗುತ್ತಿತ್ತು. ಯಾಕೆಂದು ಮೊದಲು ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಅದು ಕೆಳಮನೆ ಒಂಟಿಯಾಗಿ ಹಾಡಬೇಕಾದ ಜಾಗ. ಯಾರೂ ಅದನ್ನು ತುಂಬಲಿಲ್ಲ, ಬಿಟ್ಟು ಮುಂದಕ್ಕೂ ಓಡಲಿಲ್ಲ. ಆ ದನಿಗೆ ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ಕಾದು, ಆಮೇಲೆ ಮುಂದಿನ ಸಾಲು ಹಿಡಿಯುತ್ತಿದ್ದರು. ಮಧ್ಯಾಹ್ನದ ತನಕ ಹೀಗೆಯೇ ನಡೆಯಿತು.

ಹೊರಗೆ ಚಪ್ಪರದಡಿ ಎಲ್ಲರಿಗೂ ಊಟ. ಅನ್ನ, ಹುರುಳಿಕಾಳು ಸಾರು, ಕೋಳಿ. ನನಗೆಂದು ಬೇರೆ ಪಾತ್ರೆಯಲ್ಲಿ ಮೊಸರನ್ನ ಮಾಡಿಸಿಟ್ಟಿದ್ದರು. ಬಂದವರೆಲ್ಲ ಜಯಶೀಲನ ಕೈ ಹಿಡಿದು ಮಾತಾಡಿಸಿದರು. ಚಿನ್ನಪ್ಪ ನನ್ನ ಹತ್ತಿರ ಬಂದು, "ಬೇಜಾರು ಮಾಡ್ಕೋಬೇಡಿ. ಕೇಳೋದು ನನ್ನ ಪಾಲಿಗೆ ಬಂದೈತೆ, ಕೇಳ್ಬೇಕು" ಎಂದು ಕಣ್ಣು ಒರೆಸಿಕೊಂಡರು. ಜಗಲಿ ಸೇರಿದ ಕೆಳಮನೆಯ ಬೆಂಚಿನ ಮೇಲೆ ಅಷ್ಟರಲ್ಲೇ ಯಾರೋ ಮಗುವನ್ನು ಮಲಗಿಸಿದ್ದರು.

ಸಂಜೆಯ ಬಸ್ಸಿಗೆ ಕರುಣಮ್ಮ ರಸ್ತೆಯ ತನಕ ಬಂದರು. ಅವರು ಆ ರಾತ್ರಿ ಪಾಳ್ಯದಲ್ಲೇ ಉಳಿಯುವವರು, ನಾವು ಹಗರೆಗೆ ಹೋಗಿ ಹಾಸನದ ಬಸ್ಸು ಹಿಡಿಯಬೇಕಿತ್ತು. ಹಾಲಿನ ಡೈರಿಯ ಮುಂದೆ ಕ್ಯಾನುಗಳ ಪಕ್ಕ ಮೂವರೂ ನಿಂತೆವು. ಬಿಸಿಲು ಇಳಿದಿತ್ತು, ಚಳಿಗಾಳಿ ಶುರುವಾಗಿತ್ತು. ಕರುಣಮ್ಮ ತಮ್ಮ ಶಾಲನ್ನು ತೆಗೆದು ತಮ್ಮನ ಕುತ್ತಿಗೆಗೆ ಸುತ್ತಿದರು. ಆಮೇಲೆ ರಸ್ತೆಯ ಆಚೆ ಈಚೆ ನೋಡಿದರು. ಯಾರೂ ಇರಲಿಲ್ಲ.

"ಇಲ್ಲಿ ಬೆಂಚು ಗಿಂಚು ಏನೂ ಇಲ್ಲ. ಒಂದ್ಸಲ ಕೇಳು" ಎಂದು ಹಾಡಿದರು.

ಅದು ಬೆಳಗಿನಿಂದ ಕೇಳಿದ ಯಾವ ಹಾಡಿನ ಹಾಗೂ ಇರಲಿಲ್ಲ. ನಾಲ್ಕೈದು ಸ್ವರ, ಹೋಗುವುದು, ನಿಲ್ಲುವುದು, ಮತ್ತೆ ಅಲ್ಲಿಗೇ ಬರುವುದು. ದಾರಿಹೋಕರು ಕೇಳಿದ್ದರೆ ಮುದುಕಿ ಏನೋ ಗೊಣಗುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಜಯಶೀಲನ ಮುಖ ನೋಡಿದ ಮೇಲೆಯೇ ಅದು ಕೆಳಮನೆಯ ದನಿ ಎಂದು ನನಗೆ ಗೊತ್ತಾದದ್ದು. ಐವತ್ತು ವರ್ಷ ಹಾಡದಿದ್ದರೂ ಒಂದು ಸ್ವರಕ್ಕೂ ತಡವರಿಸಲಿಲ್ಲ. ಒಂದು ಕಡೆ ಅವನು ಥಟ್ಟನೆ ಕೈ ಎತ್ತಿದ, ಡ್ರಿಲ್ಲಿನಲ್ಲಿ ತಪ್ಪು ಹೆಜ್ಜೆ ಇಟ್ಟವರನ್ನು ನಿಲ್ಲಿಸುವ ಹಾಗೆ. ಕರುಣಮ್ಮ ನಿಲ್ಲಿಸಿದರು.

"ತಪ್ಪಲ್ಲ ಕಣೋ. ಅಲ್ಲಿ ಅಪ್ಪ ಕೆಳಕ್ಕೇ ಇಳೀತಿದ್ರು. ನೀನು ಮೇಲಕ್ಕೆ ಹೋಗ್ತಿದ್ದೆ. ಅಪ್ಪ ಹೋದ ಮಾರನೆ ವರ್ಷದಿಂದ ಹಂಗೇ ಹಾಡ್ತಾ ಬಂದೆ."

ಅವನು ಸ್ಲೇಟು ತೆಗೆದ. ಬರೆದು ತೋರಿಸಿದ: "ಯಾಕೆ ಹೇಳಲಿಲ್ಲ?"

"ಪಕ್ಕದ ಬೆಂಚಲ್ಲೇ ಕೂತು ಪ್ರತಿ ವರ್ಷ ಕೇಳ್ತಿದ್ದೆ. ಈ ವರ್ಷನಾದ್ರೂ ಇಳೀತಾನೇನೋ ಅಂತ ಕಾಯ್ತಿದ್ದೆ. ಹೆಂಗ್ ಹೇಳ್ಲೋ? ನಾನು ಒಳಮನೇವಳು."

ಅಷ್ಟರಲ್ಲಿ ಬಸ್ಸು ಬಂತು. ಇನ್ನೊಂದು ನಿಮಿಷ ನಿಲ್ಲಿಸಪ್ಪ ಎಂದು ಕಂಡಕ್ಟರನನ್ನು ಬೇಡಿಕೊಂಡೆ. ಅವನು, "ಹಗರೇಲಿ ಹಾಸನದ ಗಾಡಿ ತಪ್ಪಿದ್ರೆ ನನ್ನ ಕೇಳ್ಬೇಡಿ, ಬೇಗ ಹತ್ತಿ" ಎಂದು ವಿಷಲ್ ಊದಿದ. ಹಿಂದಿನ ಸೀಟಿನಲ್ಲಿ ಕೂತು ತಿರುಗಿ ನೋಡಿದೆವು. ಕರುಣಮ್ಮ ಡೈರಿಯ ಮುಂದೆ ಬರಿ ಹೆಗಲಲ್ಲಿ ನಿಂತಿದ್ದರು, ಕೈ ಬೀಸಲಿಲ್ಲ. ತಿರುವು ಬಂದು ಮರೆಯಾದರು.

ಜಯಶೀಲ ಸ್ಲೇಟನ್ನು ಚೀಲಕ್ಕೆ ಹಾಕಿದ. ಅವನ ಬಲಗೈ ಮೊಣಕಾಲಿನ ಮೇಲೆ ಏರುತ್ತ ಇಳಿಯುತ್ತ ಇತ್ತು. ಅದು ಕೆಳಮನೆಯ ದನಿಯ ಏರಿಳಿತ ಎಂದು ನನಗೆ ತಡವಾಗಿ ಹೊಳೆಯಿತು. ಅಕ್ಕನನ್ನು ನಿಲ್ಲಿಸಿದ ಕಡೆಗೆ ಬಂದಾಗ ಕೈ ತಾನಾಗಿ ಮೇಲಕ್ಕೆ ಹೋಗುತ್ತಿತ್ತು. ಅವನು ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಹಗರೆ ಬರುವ ಹೊತ್ತಿಗೆ ಅಲ್ಲಿ ಅವನ ಕೈ ಕೆಳಕ್ಕೆ ಇಳಿಯಿತು.